ಕೊಟ್ಟಿಗೆ ಬಾಗಿಲ ಸೋಡಾ ನೀರು

ಬಾಗಿಲಲ್ಲಿಟ್ಟ ಬೋಗುಣಿಗೆ ಬಲಗಾಲು ಇಟ್ಟಿದ್ದೇ ತಡ, ಹಸು ನೋಡಲು ಬಂದಿದ್ದ ಅಕ್ಕ "ಅಯ್ಯಮ್ಮಾ!" ಎಂದು ಚೀರಿ ಕಂಬ ಹಿಡಿದುಕೊಂಡಳು. ದನಗಳಿಗೆ ಕಾಲುಬಾಯಿ ರೋಗ ತಗುಲಿದಾಗಿನಿಂದ ಯಾರೇ ಬಂದರೂ ಚಪ್ಪಲಿ ಬಿಟ್ಟು, ರೋಗ ಹರಡದಂತೆ ಬಟ್ಟೆ ಒಗೆಯುವ ಸೋಡಾ ಕಲಸಿದ ನೀರಿನಲ್ಲಿ ಕಾಲು ಅದ್ದಿಯೇ ಕೊಟ್ಟಿಗೆಯೊಳಗೆ ಬರಬೇಕೆಂಬುದು ತಂಗಿಯ ಕಟ್ಟಪ್ಪಣೆ. ಚೆನ್ನಾಗಿರುವ ಕಾಲಿಗೆ ಆ ನೀರು ಏನೂ ಮಾಡುವುದಿಲ್ಲ.

ತಂಗಿ ಬಗ್ಗಿ ಅಕ್ಕನ ಪಾದ ಎತ್ತಿ ನೋಡಿದಳು. ಹಿಮ್ಮಡಿಯ ತುಂಬ ಬೊಬ್ಬೆ. ಒಂದೆರಡು ಒಡೆದು ಕೆಂಪಗಾಗಿದ್ದವು. ಪ್ರತಿ ವರ್ಷ ಪಾದಯಾತ್ರೆ ಮುಗಿಸಿ ಬಂದ ಮೇಲೆ ಅಕ್ಕತಂಗಿಯರು ಎದುರುಬದುರು ಕೂತು, ಒಬ್ಬರ ಬೊಬ್ಬೆಗೆ ಒಬ್ಬರು ಎಣ್ಣೆ ಹಚ್ಚುತ್ತಿದ್ದ ಕಾಲುಗಳು ಅವು.

"ದನಗಳ ರೋಗ ಹೋಗೋವರೆಗೂ ಪಾದಯಾತ್ರೆ ಮುಂದಕ್ಕೆ ಹಾಕಿದೀವಿ ಅಂದಿದ್ದೆಯಲ್ಲ?"

"ನಿನ್ನ ಬಿಟ್ಟು ಹೋಗ್ತೀವಿ ಅಂತ ಯಾವ ಬಾಯಲ್ಲಿ ಹೇಳ್ಲೇ? ರೋಗದ ಕೊಟ್ಟಿಗೆಯವಳು ಜೊತೆಗಿದ್ರೆ ದಾರೀಲಿ ಯಾರೂ ತಂಗೋಕೆ ಜಾಗ ಕೊಡಲ್ಲ ಅಂತ ಎಲ್ರೂ ಹಟ ಹಿಡಿದ್ರು."

"ಎಲ್ರೂ ಅಂದ್ರೆ? ಗುಂಪು ಕಟ್ಟಿದೋಳು ನೀನೇ ಅಲ್ವಾ?"

ತನ್ನ ದನಗಳ ಸಲುವಾಗಿ ಅಕ್ಕ ಯಾತ್ರೆಯನ್ನೇ ನಿಲ್ಲಿಸಿದಳೆಂದು, ನಮ್ಮಕ್ಕನ ಮನಸ್ಸು ದೊಡ್ಡದೆಂದು ಕಂಡಕಂಡವರ ಮುಂದೆಲ್ಲ ಹೊಗಳಿಕೊಂಡು ತಿರುಗಿದ್ದು ನೆನಪಾಗಿ ತಂಗಿಯ ಕಿವಿ ಬಿಸಿಯಾಯಿತು. ಕೇಳಿದವರಲ್ಲಿ ಎಷ್ಟು ಮಂದಿ ಒಳಗೊಳಗೇ ನಕ್ಕಿದ್ದರೋ!

ಅಕ್ಕ ಮೆಲ್ಲಗೆ ಚಪ್ಪಲಿಯತ್ತ ಕುಂಟಿದಳು. ತಂಗಿ ಬೋಗುಣಿಯನ್ನು ಅವಳ ಮುಂದಕ್ಕೆ ಸರಿಸಿ, ದಾರಿಗೆ ಅಡ್ಡ ನಿಂತಳು.

"ಇನ್ನೊಂದು ಕಾಲೂ ಅದ್ದು, ಅಕ್ಕ."