ಬೂರುಗದ ಅರಳೆ ಹಾರಿದ ಕಡೆ

ಗಾಳಿಯ ದಿಕ್ಕು ನೋಡಲು ನಿಕಾನೋರ್ ಜೇಬಿನಿಂದ ಬೂರುಗದ ಅರಳೆಯ ಒಂದು ಎಳೆ ತೆಗೆದು ಬಿಟ್ಟ. ಅದು ಅವನ ಮೂಗಿನ ಮುಂದೆ ಸ್ವಲ್ಪ ತಡವರಿಸಿ ಪಡುವಣಕ್ಕೆ ತೇಲಿತು. ಬೆಳಕು ಹರಿಯುವ ಹೊತ್ತು. ಬಂದೂಕು ಹಿಡಿದು ನಿಂತವರೆಲ್ಲ ಅವನ ಬಾಯನ್ನೇ ನೋಡುತ್ತಿದ್ದರು. ಯುಕತಾನಿನ ಆ ಕಾಡಂಚಿನ ಊರಿನಲ್ಲಿ ಭಾನುವಾರದ ಬೇಟೆಗೆ ಅವನೇ ಮುಖಂಡ. ಅರ್ಧ ಜನ ಗಾಳಿ ಬರುವ ಕಡೆಯಿಂದ ಕೂಗುತ್ತ ಜಿಂಕೆಗಳನ್ನು ಎಬ್ಬಿಸಿಕೊಂಡು ಬರಬೇಕು, ಇನ್ನರ್ಧ ಜನ ಎದುರು ತುದಿಯಲ್ಲಿ ಉಸಿರು ಬಿಗಿಹಿಡಿದು ಕಾಯಬೇಕು. ಯಾರು ಎಲ್ಲಿ ಕೂರಬೇಕೆಂದು ನಿಕಾನೋರ್ ಹೇಳಿದ ಮೇಲೆ ಮರುಮಾತಿಲ್ಲ.

"ಫಾಬಿಯಾನೋ, ಇವತ್ತು ನೀನು ಬಿಳಿ ಬಂಡೆ ಹತ್ರ ಕೂತ್ಕೋ," ಎಂದ.

ಅವನ ತಂಗಿಯ ಗಂಡ ಫಾಬಿಯಾನೋ ನಕ್ಕ. "ಯಾಕೆ ಭಾವ, ಗುಡ್ಡದ ಬುಡದ ನನ್ನ ಮರಕ್ಕೆ ಬೇಜಾರಾಗಲ್ವಾ? ಇಷ್ಟು ವರ್ಷ ಬೆನ್ನು ಉಜ್ಜಿ ಉಜ್ಜಿ ತೊಗಟೆ ನುಣ್ಣಗೆ ಮಾಡಿಟ್ಟಿದೀನಿ."

"ಅಲ್ಲಿ ನಾನು ಕೂರ್ತೀನಿ. ನೀನು ನಡಿ."

"ಎಲ್ಲಿ ಕೂರಿಸಿದ್ರೂ ಅಷ್ಟೇ ಬಿಡಿ. ಜಿಂಕೆ ಹೆಂಗಿರುತ್ತೆ ಅನ್ನೋದೇ ನನ್ನ ಬಂದೂಕಿಗೆ ಮರೆತುಹೋಗಿದೆ."

ಈ ಫಾಬಿಯಾನೋ ಕಡಲ ಕಡೆಯ ಊರಿನಿಂದ ಅಳಿಯನಾಗಿ ಬಂದವನು. ಬಂದ ಹೊಸತರಲ್ಲಿ ಭಾನುವಾರ ತಪ್ಪಿದರೂ ಅವನ ಗುರಿ ತಪ್ಪುತ್ತಿರಲಿಲ್ಲ. ಮಾಂಸ ಎಲ್ಲರಿಗೂ ಸಮಪಾಲು, ಆದರೆ ತಲೆ, ತೊಗಲು, ಪಿತ್ತಜನಕಾಂಗ ಹೊಡೆದವನಿಗೆ. ಹೊರಗಿನಿಂದ ಬಂದವನು ವಾರವಾರವೂ ತಲೆ ಹೊತ್ತು ಬೀದಿಯಲ್ಲಿ ನಡೆಯುವುದನ್ನು ಕಂಡು ನಿಕಾನೋರನಿಗೆ ಹೊಟ್ಟೆ ಉರಿಯಿತು. ಗುಡ್ಡದ ಬುಡದ ಆ ರಾಮೋನ್ ಮರದ ಗುಟ್ಟು ಅವನೊಬ್ಬನಿಗೇ ಗೊತ್ತಿತ್ತು. ಅಲ್ಲಿ ಕೂತವನ ಮುಖಕ್ಕೆ ಕಾಡಿನ ಗಾಳಿ ತಾಗುತ್ತದೆ, ಆದರೆ ಬಿಸಿಲು ಏರುವವರೆಗೆ ಗುಡ್ಡದಿಂದ ತಣ್ಣನೆಯ ಗಾಳಿ ಮೊಣಕಾಲೆತ್ತರದಲ್ಲಿ ಇಳಿದು, ಅವನ ಮೈವಾಸನೆ ಹೊತ್ತು ಸೀದಾ ಕಾಡಿನೊಳಕ್ಕೆ ಹೋಗುತ್ತದೆ. ಜಿಂಕೆ ದೂರದಿಂದಲೇ ಮೂಸಿ ತಿರುಗಿಕೊಳ್ಳುತ್ತದೆ. ನಾಲ್ಕು ವಾರ ಕೂರಿಸಿದರೆ ಇವನ ಮೆರೆದಾಟ ನಿಂತೀತು ಎಂದುಕೊಂಡಿದ್ದ. ಕೂರಿಸಿದ್ದು ವರ್ಷಗಟ್ಟಲೆ ಆಯಿತು.

ಅದೃಷ್ಟ ಕೆಟ್ಟ ಬೇಟೆಗಾರ ಆ ಊರಿನಲ್ಲಿ ಗಾಳಿಯನ್ನು ಅನುಮಾನಿಸುವುದಿಲ್ಲ, ಹೆಂಡತಿಯನ್ನು ಅನುಮಾನಿಸುತ್ತಾನೆ. ಜಿಂಕೆಯ ಮೂಳೆಯನ್ನು ನಾಯಿಗೆ ಹಾಕಿದರೆ ಜಿಂಕೆಗಳ ಒಡೆಯನಾದ ದೇವರು ಮುನಿಯುತ್ತಾನೆ, ಆ ಮನೆಯವನಿಗೆ ಮತ್ತೆ ಬೇಟೆ ಕೊಡುವುದಿಲ್ಲ ಎಂಬ ನಂಬಿಕೆ. ಮೂಳೆ ಕಾಯುವುದು ಹೆಂಗಸಿನ ಕೆಲಸ. ಫಾಬಿಯಾನೋ ಮೊದಲು ಹೆಂಡತಿಯ ನಾಯಿಯನ್ನು ಊರಾಚೆ ಬಿಟ್ಟು ಬಂದ. ಆಮೇಲೆ ಅವಳ ಕೈಯಿಂದ ರೊಟ್ಟಿ ಇಸಿದುಕೊಳ್ಳುವುದನ್ನೂ ಬಿಟ್ಟ. ಅವಳು ಇಟ್ಟು ಆಚೆ ಸರಿದ ಮೇಲೆ ಎತ್ತಿಕೊಳ್ಳುತ್ತಿದ್ದ.

"ಅಣ್ಣಾ, ನೀನಾದ್ರೂ ಹೇಳೋ ಅವರಿಗೆ," ಎಂದು ದೋಮಿತಿಲಾ ಅಣ್ಣನ ಬಾಗಿಲಿಗೆ ಬಂದು ಅತ್ತಿದ್ದಳು. "ಒಂದು ಚೂರು ಮೂಳೆನೂ ನಾಯಿಗೆ ಹಾಕಿಲ್ಲ ಕಣೋ. ನೀನು ಹೇಳಿದ್ರೆ ಕೇಳ್ತಾರೆ."

"ಗಂಡ ಹೆಂಡ್ತಿ ಜಗಳದಲ್ಲಿ ನಾನೇನು ಹೇಳ್ಲಿ?" ಎಂದು ನಿಕಾನೋರ್ ಬಂದೂಕಿನ ನಳಿಗೆ ಒರೆಸುತ್ತ ಕೂತಿದ್ದ. ತಲೆ ಎತ್ತಲಿಲ್ಲ. ಹೋದ ಮಳೆಗಾಲದಲ್ಲಿ ಅವಳು ಜ್ವರ ಬಂದು ತೀರಿಕೊಂಡಳು. ನಾಳೆ ವರ್ಷದ ಊಟ. ಅದಕ್ಕೆ ಬೇಕಾದ ಮಾಂಸವಾದರೂ ಅವಳ ಗಂಡನ ಕೈಯಿಂದಲೇ ಬರಲಿ, ಅಷ್ಟಾದರೂ ಆಗಲಿ ಎಂದು ನಿಕಾನೋರ್ ರಾತ್ರಿಯೆಲ್ಲ ಹೊರಳಾಡಿ ನಿರ್ಧರಿಸಿದ್ದ.

ಬೇಟೆಯ ಕೂಗು ಎದ್ದಿತು, ಹತ್ತಿರವಾಯಿತು. ಮರದ ಬುಡದಲ್ಲಿ ಕೂತ ನಿಕಾನೋರನ ಕಾಲಿಗೆ ಗುಡ್ಡದ ತಂಪು ತಾಗುತ್ತಲೇ ಇತ್ತು. ಬಿಸಿಲು ಮೇಲೇರಿ ಆ ತಂಪು ಅಡಗುವ ಹೊತ್ತಿಗೆ ಬಿಳಿ ಬಂಡೆಯ ಕಡೆಯಿಂದ ಒಂದೇ ಒಂದು ಗುಂಡಿನ ಸದ್ದು ಕೇಳಿಸಿತು.

ಅವನು ಓಡಿ ಹೋದಾಗ ಫಾಬಿಯಾನೋ ಗಂಡು ಜಿಂಕೆಯೊಂದರ ಕತ್ತು ನೇವರಿಸುತ್ತ ಕೂತಿದ್ದ. ಕಣ್ಣಲ್ಲಿ ನೀರು. ನಿಕಾನೋರನ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

"ಭಾವ, ತಪ್ಪು ತಿಳ್ಕೋಬೇಡಿ," ಎಂದ ಫಾಬಿಯಾನೋ ಮೂಗು ಒರೆಸಿಕೊಳ್ಳುತ್ತ. "ನಿಮ್ಮ ತಂಗಿ, ಆದ್ರೂ ಹೇಳ್ತೀನಿ. ಅವಳು ಹೋಗಿ ವರ್ಷ ತುಂಬೋ ಹೊತ್ತಿಗೆ ಸರಿಯಾಗಿ ನನ್ನ ಅದೃಷ್ಟ ವಾಪಸ್ ಬಂತು ನೋಡಿ. ಹಾಗಾದ್ರೆ ಅವಳೇ ಅಲ್ವಾ ಮೂಳೆ ಹಾಕಿದ್ದು? ಪುಣ್ಯಾತ್ಗಿತ್ತಿ, ಸಾಯೋವಾಗ್ಲೂ ಒಪ್ಕೊಳ್ಳಲಿಲ್ಲ."

"ಅವಳಲ್ಲ ಕಣೋ, ನಾನು," ಎಂದ ನಿಕಾನೋರ್. "ಆ ಮರದ ಹತ್ರ ಗಾಳಿ ಬೆನ್ನ ಹಿಂದಿನಿಂದ ಬರುತ್ತೆ. ಜಿಂಕೆಗೆ ನಿನ್ನ ವಾಸನೆ ಹೊಡೀಲಿ ಅಂತ ಬೇಕಂತಲೇ ಕೂರಿಸ್ತಿದ್ದೆ."

"ಗಾಳಿ ಮುಖಕ್ಕೇ ಬರ್ತಿತ್ತಲ್ಲ ಭಾವ. ನಾನೇನು ಕುರುಡನಾ?"

"ಕೆಳಗಡೆ ಬೇರೆ ಗಾಳಿ ಮಾರಾಯ! ಬಾ, ತೋರಿಸ್ತೀನಿ." ನಿಕಾನೋರ್ ಅವನ ರಟ್ಟೆ ಹಿಡಿದು ಮರದ ಬುಡಕ್ಕೆ ಎಳೆದು ತಂದ. ಕಾಡಿಗೆ ಮುಖ ಮಾಡಿ ಮಂಡಿಯೂರಿ, ಉಳಿದಿದ್ದ ಅರಳೆಯನ್ನೆಲ್ಲ ನೆಲದ ಹತ್ತಿರ ಹಿಡಿದು ಬಿಟ್ಟ. ಬಿಸಿಲು ಚೆನ್ನಾಗಿ ಏರಿತ್ತು. ಅರಳೆ ಕಾಡಿನ ಕಡೆ ಹೋಗಲಿಲ್ಲ. ಹಿಂದಕ್ಕೆ ತೇಲಿಬಂದು ಅವನ ಅಂಗಿಗೇ ಅಂಟಿಕೊಂಡಿತು.

ಫಾಬಿಯಾನೋ ಬಗ್ಗಿ ಅದನ್ನು ಒಂದೊಂದಾಗಿ ಬಿಡಿಸಿದ. "ತಂಗಿ ಅಂದ್ರೆ ಎಷ್ಟು ಪ್ರಾಣ ನಿಮಗೆ," ಎಂದ ಮೆಲ್ಲಗೆ. "ಏಳಿ ಭಾವ. ನಾನು ಅವಳನ್ನ ಕ್ಷಮಿಸಿಬಿಟ್ಟಿದೀನಿ."