ಫಿಲೋಮಿನಾಳ ನೆನಪಿನಲ್ಲಿ ಶಾಂತವ್ವ

ಹೊಸ ಕಾನೂನು ಬಂದಮೇಲೆ, ರೋಗಿ ಮನೆಗೆ ಹೊರಟ ದಿನವೇ ಆಸ್ಪತ್ರೆಯವರ ನೆನಪಿನಿಂದ ಆ ರೋಗಿಯನ್ನು ಅಳಿಸುತ್ತಿದ್ದರು. ರೋಗಿ ಒಪ್ಪಿಗೆ ಬರೆದುಕೊಟ್ಟರೆ ಮಾತ್ರ ನೆನಪು ಉಳಿಯುತ್ತಿತ್ತು. ಗರ್ಭಕೋಶ ತೆಗೆಸಿಕೊಂಡ ಸಂಗತಿ ಯಾರಿಗೂ ತಿಳಿಯಬಾರದೆಂದು ಶಾಂತವ್ವ ಬರೆದುಕೊಟ್ಟಿರಲಿಲ್ಲ.

ತಿಂಗಳ ನಂತರ ತಪಾಸಣೆಗೆ ಬಂದಾಗ, ಇಪ್ಪತ್ತು ದಿನ ತನಗೆ ಗಂಜಿ ಕುಡಿಸಿ ಕಥೆ ಹೇಳಿದ್ದ ನರ್ಸ್ ಫಿಲೋಮಿನಾ ಬೇರೊಬ್ಬ ರೋಗಿಯ ಜಡೆ ಹೆಣೆಯುತ್ತ, ಏನೋ ಹೇಳಿ ನಗುತ್ತಿದ್ದಳು. ಶಾಂತವ್ವನ ಹೊಟ್ಟೆ ಉರಿಯಿತು.

"ನನಗ ಹೇಳಿದ್ದ ಕಥೀನ ಆಕಿಗೂ ಹೇಳಾಕತ್ತೀಯೇನು?"

ಫಿಲೋಮಿನಾ ತಿರುಗಿ ನೋಡಿದಳು. "ಯಾರಮ್ಮಾ ನೀವು?"

ಶಾಂತವ್ವ ನೇರ ಕೌಂಟರಿಗೆ ಹೋಗಿ ಒಪ್ಪಿಗೆಯ ಅರ್ಜಿ ಕೇಳಿದಳು.

"ಹೋದ ನೆನಪು ವಾಪಸ್ ಬರಂಗಿಲ್ರೀ. ಇವತ್ತಿಂದ ಮುಂದಿನ ನೆನಪಷ್ಟ ಉಳೀತೈತಿ," ಎಂದ ಗುಮಾಸ್ತ.

ಅವಳು ಹೆಬ್ಬೆಟ್ಟು ಒತ್ತಿ ಮರಳಿ ಬಂದು, ಅವರಿಬ್ಬರ ನಡುವೆಯೇ ಮಂಚದ ಮೇಲೆ ಕೂತಳು.

"ನಾ ಶಾಂತವ್ವ. ಗರ್ಭಕೋಶ ತಗಸ್ಕೊಂಡಾಕಿ," ಎಂದಳು, ಇಡೀ ವಾರ್ಡಿಗೆ ಕೇಳುವಂತೆ.