ಆರಡಿಯ ಗಾಜಿನ ತೊಟ್ಟಿ

ಭಾನುವಾರ ಹತ್ತು ಗಂಟೆಗೆ ಬೀರು ಒರೆಸುವುದು ನನ್ನ ರೂಢಿ. ಈ ವಾರ ಅದರೊಳಗೆ ಅಮ್ಮನ ಹಳದಿ ಅಳತೆ ಟೇಪು ಸಿಕ್ಕಿತು.

ನಾನು ಚಿಕ್ಕವಳಿದ್ದಾಗ ನಂಜನಗೂಡಿನ ಮನೆಯಲ್ಲಿ ಒಂದು ಮಧ್ಯಾಹ್ನ ಅಪ್ಪ ಅದೇ ಟೇಪಿನಿಂದ ಅಳೆದು, ನಡುಮನೆಯ ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಮೀನಿನ ತೊಟ್ಟಿಯ ನಕ್ಷೆ ಬರೆಯುತ್ತಿದ್ದರು. ಹುಲ್ಲಹಳ್ಳಿ ನಾಲೆಯಿಂದ ತಂದಿದ್ದ ಎರಡು ಜಿಲೇಬಿ ಮೀನುಗಳು ಹಂಡೆಯಲ್ಲಿ ಕಚ್ಚಾಡಿ ರೆಕ್ಕೆ ಹರಿದುಕೊಂಡಿದ್ದವು.

“ಜಾಗ ಸಾಲ್ದಿದ್ರೆ ಇವು ಹಿಂಗೇ ಕಣ್ ಮಗ. ಆರಡಿ ಬೇಕು,” ಎಂದರು ಅಪ್ಪ.

“ಲಿಂಗ ಕಟ್ಟಿರೋ ಮನೇಲಿ ಮೀನೇನ್ಲಾ?” ಅಡುಗೆಮನೆಯಿಂದ ಅಜ್ಜಿ ಕೇಳಿದರು.

“ತಿನ್ನಕ್ಕಲ್ಲ ಕಣವ್ವ, ನೋಡಕ್ಕೆ.”

“ನೋಡಕ್ಕೆ ಮನೇಲಿ ಯಾರವ್ರೆ?”

ಅಪ್ಪ ಟೇಪು ಎಳೆದು ಮುಂದಿನ ಗೆರೆ ಹಾಕಿದರು. ಅಮ್ಮ ಬನ್ನೂರಿನ ತವರಿಗೆ ಹೋಗಿ ಎರಡು ತಿಂಗಳಾಗಿತ್ತು. ನಾಲ್ಕು ದಿನದಲ್ಲಿ ಬರುತ್ತಾಳೆಂದು ನನಗೆ ಹೇಳಿದ್ದರು.

ಗೆರೆ ಕಿಟಕಿಯವರೆಗೆ ಬಂದಾಗ ಅಮ್ಮನ ಹೊಲಿಗೆ ಮಿಷನ್ ಅಡ್ಡವಾಯಿತು. ಅಪ್ಪ ಅದನ್ನು ಎತ್ತಿಕೊಂಡು ಹೋಗಿ ಹಿತ್ತಿಲ ಜಗಲಿಯ ಮೇಲಿಟ್ಟರು. ಅದರ ಕಾಲುಗಳ ಗುರುತಿನ ಮೇಲೆಯೇ ಗೆರೆ ಮುಂದುವರಿಯಿತು.

“ಅಮ್ಮ ಬಂದ್ರೆ ಮಿಷನ್ ಎಲ್ಲಿಡ್ತೀಯಪ್ಪ?”

“ಗೆರೆ ತುಳೀಬೇಡ ಮಗ, ಅಳಿಸೋಯ್ತದೆ,” ಎಂದರು, ತಲೆ ಎತ್ತದೆ.

ನಾನು ಜಗಲಿಗೆ ಹೋಗಿ, ಸಂಜೆಯವರೆಗೂ ಒಬ್ಬಳೇ ಮಿಷನ್ನಿನ ಚಕ್ರ ತಿರುಗಿಸುತ್ತಾ ಕೂತೆ.